ಕೂಸು ಬಡವಾಗುವ ಬಗೆ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುವುದು ನಮ್ಮಲ್ಲಿ ಬಲು ಉಪಯೋಗಕ್ಕೆ ಬರುವ ಗಾದೆ. ಏಟು ತಿಂದು ತವರಿಗೆ ಬಂದ ಮಗಳನ್ನು ಸಮಾಧಾನ ಮಾಡಿ ಮತ್ತೆ ಬಸ್ಸು ಹತ್ತಿಸುವುದಕ್ಕೆ, ದೂರು ಕೊಡಲು ಬಂದವಳನ್ನು ಠಾಣೆಯ ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುವುದಕ್ಕೆ ಇದೊಂದು ಮಾತು ಸಾಕು. ಇದರ ಪಕ್ಕದಲ್ಲೇ ಇನ್ನೊಂದು ಗಾದೆ ಇದೆ: ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಅದನ್ನು ನಾವು ಈಗ ರಾಜಕೀಯಕ್ಕೆ ಬಿಟ್ಟುಕೊಟ್ಟಿದ್ದೇವೆ. ಎರಡು ಇಲಾಖೆಗಳು ಕಿತ್ತಾಡಿ ರಸ್ತೆ ಕೆಲಸ ನಿಂತರೆ ಪತ್ರಿಕೆಯ ತಲೆಬರಹದಲ್ಲಿ ಕೂಸು ಬಡವಾಗುತ್ತದೆ. ನಿಜವಾದ ಕೂಸಿನ ಬಗ್ಗೆ ಆ ಮಾತು ಕೇಳಿ ಎಷ್ಟು ಕಾಲವಾಯಿತೋ.

‘ಬಡವಾಗು’ ಅಂದರೆ ಇಲ್ಲಿ ಕೈಯಲ್ಲಿ ಕಾಸಿಲ್ಲದಂತಾಗುವುದಲ್ಲ. ಮೈ ಇಳಿದುಹೋಗುವುದು, ಸೊರಗುವುದು. ಮೇವಿಲ್ಲದೆ ದನ ಬಡವಾಗುವ ಹಾಗೆ. ಗಾದೆ ಕಟ್ಟಿದವರು ಕೂಸಿನ ಮನಸ್ಸಿಗೆ ನೋವಾಯಿತು ಎನ್ನಲಿಲ್ಲ, ಅದರ ಮೈಗೆ ಏನಾಯಿತು ಎಂದು ಹೇಳಿದರು. ಜಗಳ ಆಡಿದವರು ಉಂಡು ಮಲಗಿದರು, ಕೂಸು ಸೊರಗಿತು. ಎರಡು ಗಾದೆಗಳನ್ನೂ ಒಟ್ಟಿಗೆ ಓದಿಕೊಂಡರೆ, ಬಾಲ್ಯದ ಆಘಾತದ ಬಗ್ಗೆ ಕಳೆದ ಮೂರು ದಶಕಗಳ ಸಂಶೋಧನೆ ಹೇಳುತ್ತಿರುವ ಮಾತಿನ ಹತ್ತಿರಕ್ಕೇ ಬರುತ್ತೇವೆ.

ವೈದ್ಯಶಾಸ್ತ್ರ ಈ ಮಾತಿನ ಹತ್ತಿರ ಬಂದದ್ದು ಒಬ್ಬ ವೈದ್ಯರ ಸೋಲಿನಿಂದ. 1980ರ ದಶಕದ ನಡುವೆ ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬುವರು ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆಯಲ್ಲಿ ಅತಿ ತೂಕದವರಿಗಾಗಿ ಒಂದು ಚಿಕಿತ್ಸಾ ಕಾರ್ಯಕ್ರಮ ನಡೆಸುತ್ತಿದ್ದರು. ಜನ ತೂಕ ಇಳಿಸಿಕೊಳ್ಳುತ್ತಿದ್ದರು, ಆದರೆ ನಡುವೆಯೇ ಬಿಟ್ಟುಹೋಗುತ್ತಿದ್ದರು. ವಿಚಿತ್ರವೆಂದರೆ, ಬಿಟ್ಟುಹೋಗುತ್ತಿದ್ದವರಲ್ಲಿ ಹೆಚ್ಚಿನವರು ಚೆನ್ನಾಗಿ ತೂಕ ಇಳಿಸಿಕೊಂಡವರೇ. ಒಬ್ಬ ಮಹಿಳೆ 51 ವಾರಗಳಲ್ಲಿ ಸುಮಾರು 185 ಕಿಲೋದಿಂದ 60 ಕಿಲೋಗೆ ಬಂದಿದ್ದರು. ಆಮೇಲೆ ಮೂರೇ ವಾರದಲ್ಲಿ ಹದಿನೇಳು ಕಿಲೋ ಏರಿಸಿಕೊಂಡರು. ಕೇಳಿದಾಗ, ನಿದ್ದೆಯಲ್ಲೇ ಎದ್ದು ತಿನ್ನುತ್ತಿದ್ದೇನೆ ಅನಿಸುತ್ತದೆ ಎಂದರು. ಇನ್ನಷ್ಟು ಕೇಳಿದಾಗ ತಿಳಿದದ್ದು: ಜೊತೆಯಲ್ಲಿ ಕೆಲಸ ಮಾಡುತ್ತಿದ್ದ, ವಯಸ್ಸಿನಲ್ಲಿ ಹಿರಿಯನಾದ ವಿವಾಹಿತನೊಬ್ಬ ಆಕೆಯ ಮೇಲೆ ಕಣ್ಣು ಹಾಕಿದ್ದ. ಅದರ ಹಿಂದೆ ಇನ್ನೊಂದು ಸತ್ಯವಿತ್ತು. ಚಿಕ್ಕಂದಿನಲ್ಲಿ ಸ್ವಂತ ಅಜ್ಜನೇ ಆಕೆಯ ಮೇಲೆ ದೌರ್ಜನ್ಯ ಎಸಗಿದ್ದ. ಆ ತೂಕ ಆಕೆಗೆ ರೋಗವಾಗಿರಲಿಲ್ಲ, ಗೋಡೆಯಾಗಿತ್ತು.

ಫೆಲಿಟ್ಟಿ 286 ಜನರನ್ನು ಕೂರಿಸಿಕೊಂಡು ಅವರ ಬದುಕಿನ ಕಥೆ ಕೇಳಿದರು. ಅರ್ಧಕ್ಕೂ ಹೆಚ್ಚು ಮಂದಿ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದ್ದವರು. 1990ರಲ್ಲಿ ಅಟ್ಲಾಂಟದ ಸಮ್ಮೇಳನವೊಂದರಲ್ಲಿ ಇದನ್ನು ಮುಂದಿಟ್ಟಾಗ, ಸೋತ ಬದುಕಿಗೆ ಜನ ಹೇಳಿಕೊಳ್ಳುವ ನೆಪವಿದು ಎಂದು ಸಭೆಯಲ್ಲಿದ್ದವರು ತಳ್ಳಿಹಾಕಿದರು. ಆದರೆ ಅಲ್ಲಿಂದಲೇ ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಕೇಂದ್ರದ ನಂಟು ಬೆಳೆಯಿತು. ಅಲ್ಲಿನ ರಾಬರ್ಟ್ ಆಂಡಾ ಜೊತೆಯಾದರು. 1995ರಿಂದ 1997ರವರೆಗೆ 17 ಸಾವಿರಕ್ಕೂ ಹೆಚ್ಚು ಮಂದಿ ಅವರ ಪ್ರಶ್ನಾವಳಿಗೆ ಉತ್ತರಿಸಿದರು. ಹದಿನೆಂಟು ತುಂಬುವುದರೊಳಗೆ ನಿಮ್ಮನ್ನು ಹೊಡೆಯುತ್ತಿದ್ದರೇ, ಹೀಯಾಳಿಸುತ್ತಿದ್ದರೇ, ಲೈಂಗಿಕವಾಗಿ ಮುಟ್ಟಿದ್ದರೇ? ಮನೆಯಲ್ಲಿ ಕುಡುಕರು, ಮಾನಸಿಕ ಕಾಯಿಲೆಯವರು, ಜೈಲಿಗೆ ಹೋದವರು ಇದ್ದರೇ? ನಿಮ್ಮ ತಾಯಿಗೆ ಹೊಡೆತ ಬೀಳುತ್ತಿತ್ತೇ? ಮೊದಲು ಏಳು ಬಗೆಯ ಅನುಭವಗಳಿದ್ದವು, ಆಮೇಲೆ ನಿರ್ಲಕ್ಷ್ಯ ಮತ್ತು ತಂದೆತಾಯಿ ಬೇರೆಯಾಗುವಿಕೆ ಸೇರಿ ಹತ್ತಾದವು. ಒಂದೊಂದು ಬಗೆಗೆ ‘ಹೌದು’ ಎಂದರೆ ಒಂದು ಅಂಕ. ತಾಯಿಯ ಕುರಿತ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ.

ಉತ್ತರಿಸಿದವರು ಕೊಳೆಗೇರಿಯವರಲ್ಲ. ಬಹುಪಾಲು ಬಿಳಿಯರು, ಕಾಲೇಜು ಓದಿದವರು, ಕೈಯಲ್ಲಿ ಆರೋಗ್ಯ ವಿಮೆ ಇದ್ದವರು. ಅಂಥವರಲ್ಲೂ ಮೂರರಲ್ಲಿ ಇಬ್ಬರಿಗೆ ಕನಿಷ್ಠ ಒಂದು ಅನುಭವವಾಗಿತ್ತು, ಎಂಟರಲ್ಲಿ ಒಬ್ಬರಿಗೆ ನಾಲ್ಕು ಅಥವಾ ಹೆಚ್ಚು. 1998ರಲ್ಲಿ ಬಂದ ಮೊದಲ ವರದಿಯ ಪ್ರಕಾರ, ಒಂದೂ ಇಲ್ಲದವರಿಗೆ ಹೋಲಿಸಿದರೆ ನಾಲ್ಕು ಮತ್ತು ಅದಕ್ಕಿಂತ ಹೆಚ್ಚು ಅನುಭವ ಉಳ್ಳವರಲ್ಲಿ ಆತ್ಮಹತ್ಯೆಗೆ ಯತ್ನಿಸಿರುವ ಸಾಧ್ಯತೆ ಸುಮಾರು ಹನ್ನೆರಡು ಪಟ್ಟು, ಕುಡಿತದ ಚಟ ಏಳು ಪಟ್ಟು. ಇದು ಯಾರಾದರೂ ಊಹಿಸಬಹುದಾದದ್ದೇ. ಊಹಿಸದೆ ಇದ್ದದ್ದು ಮುಂದಿನ ಸಾಲುಗಳು: ಹೃದಯಕಾಯಿಲೆ 2.2 ಪಟ್ಟು, ಪಾರ್ಶ್ವವಾಯು 2.4, ಶ್ವಾಸಕೋಶದ ದೀರ್ಘಕಾಲದ ಕಾಯಿಲೆ 3.9, ಕ್ಯಾನ್ಸರ್ 1.9. 2017ರಲ್ಲಿ ಹಲವು ದೇಶಗಳ 37 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಚಿತ್ರ ಹೆಚ್ಚು ಕಡಿಮೆ ಹೀಗೇ ಇತ್ತು. ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆ ನಂಟು ಸಡಿಲ, ಹೃದಯ ಮತ್ತು ಕ್ಯಾನ್ಸರ್ ಜೊತೆ ಮಧ್ಯಮ, ಮನೋರೋಗದ ಜೊತೆ ಬಿಗಿ, ಮಾದಕವಸ್ತು ಮತ್ತು ತನ್ನನ್ನೇ ಘಾಸಿ ಮಾಡಿಕೊಳ್ಳುವುದರ ಜೊತೆ ಎಲ್ಲಕ್ಕಿಂತ ಬಿಗಿ.

ಆರನೇ ವಯಸ್ಸಿನಲ್ಲಿ ಆದದ್ದು ಐವತ್ತರ ಹೃದಯವನ್ನು ತಲುಪುವುದಾದರೂ ಹೇಗೆ?

ಕುಡಿದು ಬರುವ ಅಪ್ಪನ ಮನೆಯ ಮಗುವನ್ನು ಗಮನಿಸಿದವರಿಗೆ ಇದು ಸ್ವಲ್ಪ ಗೊತ್ತು. ಬೀದಿಯ ತಿರುವಿನಲ್ಲಿ ಬೈಕಿನ ಸದ್ದು ಕೇಳಿದ ಕೂಡಲೇ ಅದಕ್ಕೆ ತಿಳಿಯುತ್ತದೆ, ಇವತ್ತು ಯಾವ ಅಪ್ಪ ಬರುತ್ತಿದ್ದಾನೆ ಎಂದು. ಗೇಟಿನ ಚಿಲಕ ತೆಗೆಯುವ ರಭಸ, ಚಪ್ಪಲಿ ಬಿಡುವ ಸದ್ದು, ಅಮ್ಮನ ಕೈಯಲ್ಲಿ ಪಾತ್ರೆ ಸುಮ್ಮನಾಗುವುದು, ಎಲ್ಲವನ್ನೂ ಓದುತ್ತದೆ. ಅಪಾಯ ಕಂಡಾಗ ಮೆದುಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡಿಸುತ್ತದೆ. ಎದೆ ಬಡಿತ ಏರುತ್ತದೆ, ರಕ್ತಕ್ಕೆ ಸಕ್ಕರೆ ಬರುತ್ತದೆ, ಜೀರ್ಣಕ್ರಿಯೆ ತಡೆಯುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಓಡಲು ಇದು ಬೇಕೇ ಬೇಕು. ನಾಯಿ ಹೋದ ಮೇಲೆ ಇಳಿಯಲೂ ಬೇಕು. ಆದರೆ ಹೆದರಿಸುವವನು ಮನೆಯೊಳಗೇ ಇದ್ದರೆ ಇಳಿಯುವ ಹೊತ್ತೇ ಬರುವುದಿಲ್ಲ. ಪಂಪ್‌ಸೆಟ್ಟು ಇಟ್ಟುಕೊಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾವಿಯಲ್ಲಿ ನೀರಿಲ್ಲದಿದ್ದರೂ ಮೋಟಾರು ಓಡುತ್ತಲೇ ಇದ್ದರೆ ಕಾಯಿಲ್ ಸುಡುತ್ತದೆ. ಹೀಗೆ ಸದಾ ಚಾಲೂ ಇರುವುದರಿಂದ ದೇಹ ತೆರುವ ಸವಕಳಿಗೆ ಅಮೆರಿಕದ ನರವಿಜ್ಞಾನಿ ಬ್ರೂಸ್ ಮೆಕ್‌ಯೂವನ್ 1993ರಲ್ಲಿ ಒಂದು ಹೆಸರು ಕೊಟ್ಟರು, ಅಲೊಸ್ಟ್ಯಾಟಿಕ್ ಲೋಡ್. ಹೆಸರು ಭಾರವಾಗಿದೆ, ಅರ್ಥ ಮೋಟಾರಿನದ್ದೇ.

ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರದಷ್ಟು ಮಕ್ಕಳನ್ನು ಇಂದಿಗೂ ಬಿಡದೆ ಹಿಂಬಾಲಿಸುತ್ತಿದ್ದಾರೆ. ಅವರು 32 ವರ್ಷದವರಾದಾಗ ರಕ್ತ ಪರೀಕ್ಷಿಸಿದರೆ, ಚಿಕ್ಕಂದಿನಲ್ಲಿ ಹಿಂಸೆ, ತಿರಸ್ಕಾರ ಕಂಡವರಲ್ಲಿ ಸಿ-ರಿಯಾಕ್ಟಿವ್ ಪ್ರೋಟೀನ್ ಹೆಚ್ಚಿತ್ತು. ದೇಹದೊಳಗೆ ಎಲ್ಲೋ ಉರಿಯೂತ ಇದೆ ಎನ್ನುವುದರ ಗುರುತು ಅದು. ರಕ್ತನಾಳಗಳ ಒಳಗೋಡೆ ಕೆಡುವುದರಲ್ಲಿ ಈ ಸಣ್ಣ, ದೀರ್ಘ ಉರಿಯೂತದ ಪಾತ್ರ ದೊಡ್ಡದು. ಈ ಅಧ್ಯಯನದ ಬೆಲೆ ಎಲ್ಲಿದೆಯೆಂದರೆ, ಅದು ದೊಡ್ಡವರ ನೆನಪನ್ನಷ್ಟೇ ನಂಬಿ ಕೂತದ್ದಲ್ಲ. ಮಕ್ಕಳಾಗಿದ್ದಾಗಲೇ ಬರೆದಿಟ್ಟುಕೊಂಡ ದಾಖಲೆಗಳೂ ಅದರ ಹಿಂದಿದ್ದವು.

ಮೆದುಳಿನ ಕಥೆ ಇನ್ನೂ ನೇರ. 2011ರಲ್ಲಿ ಲಂಡನ್ನಿನ ಇಮನ್ ಮೆಕ್‌ಕ್ರೋರಿ ತಂಡ, ಮನೆಯಲ್ಲಿ ಹಿಂಸೆ ಕಂಡ ಮಕ್ಕಳನ್ನು ಸ್ಕ್ಯಾನರಿನಲ್ಲಿ ಮಲಗಿಸಿ ಸಿಟ್ಟಿನ ಮುಖಗಳ ಚಿತ್ರ ತೋರಿಸಿತು. ಭಯವನ್ನು ಮೊದಲು ಹಿಡಿಯುವ ಅಮಿಗ್ಡಲ ಮತ್ತು ಅದರ ಜೊತೆಗಾರ ಭಾಗಗಳು ಬೇರೆ ಮಕ್ಕಳಿಗಿಂತ ಜೋರಾಗಿ ಎಚ್ಚೆತ್ತವು. ಯುದ್ಧ ನೋಡಿ ಬಂದ ಸೈನಿಕರ ಮೆದುಳಿನಲ್ಲಿ ನೋಡಿದ್ದ ಲಕ್ಷಣ ಅದು. ಆ ಮಕ್ಕಳಲ್ಲಿ ಯಾರಿಗೂ ಕಾಯಿಲೆ ಎಂದು ಹೇಳುವಂಥದ್ದು ಇರಲಿಲ್ಲ, ಮಾಮೂಲಾಗಿ ಶಾಲೆಗೆ ಹೋಗುತ್ತಿದ್ದವರು. 2013ರಲ್ಲಿ ಅಮೆರಿಕದ ಓರೆಗನ್ನಿನಲ್ಲಿ ಇನ್ನೂ ಸಣ್ಣವರ ಮೇಲೆ, ಆರರಿಂದ ಹನ್ನೆರಡು ತಿಂಗಳ ಇಪ್ಪತ್ತು ಕೂಸುಗಳ ಮೇಲೆ ಅಧ್ಯಯನ ನಡೆಯಿತು. ಕೂಸುಗಳು ಗಾಢ ನಿದ್ದೆಯಲ್ಲಿದ್ದಾಗ ಅವಕ್ಕೆ ಸಿಟ್ಟಿನ ಗಂಡುದನಿಯನ್ನು ಕೇಳಿಸಿದರು. ಗಂಡ ಹೆಂಡಿರ ಜಗಳ ಹೆಚ್ಚಿರುವ ಮನೆಯ ಕೂಸುಗಳ ಮೆದುಳು ಆ ದನಿಗೆ ಹೆಚ್ಚು ಸ್ಪಂದಿಸಿತು. ಇಪ್ಪತ್ತು ಅನ್ನುವುದು ತೀರಾ ಸಣ್ಣ ಸಂಖ್ಯೆ, ಅದರ ಮೇಲೆ ದೊಡ್ಡ ಕಟ್ಟಡ ಕಟ್ಟಬಾರದು. ಆದರೂ ‘ಮಲಗಿರೋ ಕೂಸಿಗೆ ಏನು ಗೊತ್ತಾಗುತ್ತೆ ಬಿಡಿ’ ಎನ್ನುವ ನಮ್ಮ ಸಮಾಧಾನದ ಕಂಬವೊಂದನ್ನು ಅದು ಅಲ್ಲಾಡಿಸುತ್ತದೆ.

ಕಾಯಿಲೆ ಬರುವುದಕ್ಕೆ ಇನ್ನೊಂದು ದಾರಿಯೂ ಇದೆ, ಬಹುಶಃ ಇದೇ ಹೆಚ್ಚು ಸವೆದ ದಾರಿ. ಬೀಡಿ, ಗುಟ್ಕಾ, ಕ್ವಾರ್ಟರ್, ಅತಿಯಾಗಿ ತಿನ್ನುವುದು. ಆರೋಗ್ಯ ಕಾರ್ಯಕರ್ತರ ಕಣ್ಣಿಗೆ ಇವು ದುಶ್ಚಟಗಳು. ಒಳಗಿರುವವನಿಗೆ ಅವು ಮದ್ದು. ನಿಕೋಟಿನ್ ಸ್ವಲ್ಪ ಹೊತ್ತು ತಳಮಳ ತಗ್ಗಿಸುತ್ತದೆ, ಮದ್ಯ ನಿದ್ದೆ ತರಿಸುತ್ತದೆ. ಫೆಲಿಟ್ಟಿ ಆ ಮಹಿಳೆಯಿಂದ ಕಲಿತ ಪಾಠವೂ ಇದೇ: ನಾವು ಸಮಸ್ಯೆ ಅಂದುಕೊಂಡದ್ದು ಆಕೆಯ ಪಾಲಿಗೆ ಪರಿಹಾರವಾಗಿತ್ತು. ಸಿಗರೇಟಿನ ಪ್ಯಾಕಿನ ಮೇಲೆ ಎಷ್ಟು ಭಯಂಕರ ಚಿತ್ರ ಹಾಕಿದರೂ ಕೆಲವರು ಬಿಡದೆ ಇರುವುದರ ಒಂದು ಕಾರಣ ಇದಿರಬೇಕು ಎಂದು ನನಗೆ ಅನಿಸುತ್ತದೆ. ಅವರು ಅದಕ್ಕಿಂತ ಭಯಂಕರವಾದದ್ದನ್ನು ಮನೆಯಲ್ಲೇ ನೋಡಿದ್ದಾರೆ.

ಆರಂಭದ ವರ್ಷಗಳು ಮುಂದಿನ ದೇಹವನ್ನು ಬರೆಯುತ್ತವೆ ಎನ್ನುವ ಮಾತಿಗೆ ನಮ್ಮ ಮೈಸೂರಿನದ್ದೇ ಒಂದು ಗಟ್ಟಿ ಸಾಕ್ಷ್ಯವಿದೆ. ಅಲ್ಲಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ಆ ಹಳೇ ದಾಖಲೆಗಳನ್ನು ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಸಂಶೋಧಕರು ಹುಡುಕಿದರು. 1996ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫಲಿತಾಂಶ ಹೀಗಿತ್ತು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ 11ರಷ್ಟು ಮಂದಿಗೆ ಹೃದಯಕಾಯಿಲೆ, ಮೂರು ಕಿಲೋ ದಾಟಿ ದುಂಡಗೆ ಹುಟ್ಟಿದವರಲ್ಲಿ ಶೇ 3ರಷ್ಟು. ಇದು ಆಘಾತದ ಅಧ್ಯಯನವಲ್ಲ, ಗರ್ಭದೊಳಗಿನ ಬೆಳವಣಿಗೆಯದ್ದು. ಆದರೆ ತರ್ಕ ಒಂದೇ. ದೇಹ ಆರಂಭದಲ್ಲೇ ಮುಂದಿನ ಲೋಕ ಹೇಗಿರುತ್ತದೆ ಎಂದು ಅಂದಾಜು ಕಟ್ಟಿಕೊಳ್ಳುತ್ತದೆ, ಅದಕ್ಕೆ ತಕ್ಕಂತೆ ತನ್ನನ್ನು ಹೊಂದಿಸಿಕೊಳ್ಳುತ್ತದೆ, ಹೊಂದಿಸಿಕೊಂಡದ್ದರ ಬೆಲೆಯನ್ನು ನಲವತ್ತು ವರ್ಷ ಬಿಟ್ಟು ಕಟ್ಟುತ್ತದೆ.

ಈಗ ತಾಯಿಯ ಕುರಿತ ಆ ಪ್ರಶ್ನೆಗೆ ಬರೋಣ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49ರ ವಯಸ್ಸಿನ ಮಹಿಳೆಯರ ಪೈಕಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದವರು ಕರ್ನಾಟಕದಲ್ಲಿ ಶೇ 44.4. ದೇಶದ ಸರಾಸರಿ ಶೇ 29.3. ರಾಜ್ಯಗಳ ಪಟ್ಟಿಯಲ್ಲಿ ನಾವೇ ಮೇಲೆ. ಅದರ ಹಿಂದಿನ ಸುತ್ತಿನಲ್ಲಿ ಇದೇ ಸಂಖ್ಯೆ ಶೇ 20.6 ಇತ್ತು. ಐದೇ ವರ್ಷದಲ್ಲಿ ಹೊಡೆತ ದುಪ್ಪಟ್ಟಾಯಿತು ಎಂದು ನಾನು ಹೇಳಲಾರೆ. ಹೇಳಿಕೊಳ್ಳುವ ಧೈರ್ಯ ಹೆಚ್ಚಿರಬಹುದು, ಕೇಳಿದ ರೀತಿ ಬದಲಾಗಿರಬಹುದು. ಹಾಗಿದ್ದರೆ ಹಿಂದಿನ ಸಂಖ್ಯೆಯೇ ಸುಳ್ಳಿತ್ತು ಎಂದಾಯಿತು, ಅದೂ ಸಮಾಧಾನದ ಮಾತಲ್ಲ.

ಈ ಸಂಖ್ಯೆ ಬಂದಾಗ ಸುದ್ದಿಯಾಯಿತು, ಮಹಿಳಾ ಸಂಘಟನೆಗಳು ಮಾತಾಡಿದವು. ಸರಿಯೇ. ಆದರೆ ಅದನ್ನು ಯಾರೂ ಮಕ್ಕಳ ಲೆಕ್ಕದಲ್ಲಿ ಓದಲಿಲ್ಲ. ಆ ಮನೆಗಳಲ್ಲಿ ಮಕ್ಕಳಿದ್ದಾರೆ. ಒಂದೇ ಕೋಣೆಯ ಮನೆಯಲ್ಲಿ ಅಮ್ಮನಿಗೆ ಬಿದ್ದ ಏಟನ್ನು ನೋಡದೆ ಇರುವ ಜಾಗವೇ ಇಲ್ಲ. ಫೆಲಿಟ್ಟಿ ಮತ್ತು ಆಂಡಾ ಅವರ ಪಟ್ಟಿಯಲ್ಲಿ ಅದು ಪೂರ್ತಿ ಒಂದು ಅಂಕ, ಮಗುವಿನ ಮೈ ಮುಟ್ಟದಿದ್ದರೂ. ಅದು ಒಂಟಿಯಾಗಿ ಬರುವುದೂ ಅಪರೂಪ. ಹೊಡೆತವಿರುವ ಕಡೆ ಕುಡಿತ ಇರುತ್ತದೆ, ಅಮ್ಮನ ಖಿನ್ನತೆ ಇರುತ್ತದೆ, ಬೈಗುಳ ಇರುತ್ತದೆ. ಲೆಕ್ಕ ಹಾಕದೆಯೇ ನಾಲ್ಕಕ್ಕೆ ಬಂದುಬಿಡುತ್ತೇವೆ.

ಗಾದೆಯ ‘ಬಡವಾಯಿತು’ ಅಕ್ಷರಶಃ ನಿಜವೇ ಎಂದು ನೋಡಿದವರೂ ಇದ್ದಾರೆ. 1998-99ರ ಕುಟುಂಬ ಆರೋಗ್ಯ ಸಮೀಕ್ಷೆಯ ಮಾಹಿತಿಯನ್ನು ಬಳಸಿ ಹಾರ್ವರ್ಡಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದೇ ಪದೇ ಏಟು ತಿನ್ನುವ ಭಾರತೀಯ ಮಹಿಳೆಯರಲ್ಲಿ ರಕ್ತಹೀನತೆಯೂ ಕಡಿಮೆ ತೂಕವೂ ಹೆಚ್ಚು ಎಂದು ಕಂಡುಬಂತು. ಮಕ್ಕಳ ವಿಷಯದಲ್ಲಿ ನಂಟಿನ ಸುಳಿವಿದ್ದರೂ ಅಷ್ಟು ಗಟ್ಟಿಯಲ್ಲ. ತಾಯಿ ಸೊರಗಿದ್ದಂತೂ ಖಚಿತ, ಎದೆಹಾಲು ಕುಡಿಯುವುದು ಆಕೆಯ ಕೂಸೇ. ಇದು ಒಂದು ತಲೆಮಾರಿಗೆ ನಿಲ್ಲುವುದೂ ಇಲ್ಲ. ಅಪ್ಪ ಅಮ್ಮನನ್ನು ಹೊಡೆಯುವುದನ್ನು ಕಂಡು ಬೆಳೆದ ಹೆಣ್ಣುಮಕ್ಕಳು ತಾವೂ ಗಂಡನಿಂದ ಏಟು ತಿನ್ನುವುದು ಹೆಚ್ಚು ಎಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಸುತ್ತು ಸುತ್ತಿಗೂ ಹೇಳುತ್ತಾ ಬಂದಿದೆ.

ಸ್ಯಾನ್ ಡಿಯೇಗೋದ ಹತ್ತು ಪ್ರಶ್ನೆಗಳು ಸ್ಯಾನ್ ಡಿಯೇಗೋದವರಿಗಾಗಿ ಬರೆದವು ಎನ್ನುವುದನ್ನೂ ಮರೆಯಬಾರದು. ಅವು ಮನೆಯ ಹೊಸ್ತಿಲು ದಾಟುವುದಿಲ್ಲ. ಬಿಸಿಯೂಟಕ್ಕೆ ಬೇರೆ ಸಾಲಿನಲ್ಲಿ ಕೂತ ಮಗುವಿಗೆ, ಹಾಸ್ಟೆಲಿನಲ್ಲಿ ದೊಡ್ಡ ಹುಡುಗರ ಕೈಗೆ ಸಿಕ್ಕವನಿಗೆ, ಹದಿನೈದಕ್ಕೆ ಮದುವೆ ಮಾಡಿಸಿಕೊಂಡವಳಿಗೆ, ಅಪ್ಪ ಅಮ್ಮ ಇಟ್ಟಿಗೆ ಗೂಡಿಗೋ ಕಬ್ಬು ಕಡಿಯಲೋ ಗುಳೆ ಹೋದಾಗ ಅಜ್ಜಿಯ ಬಳಿ ಉಳಿದ ತಂಗಿ ತಮ್ಮಂದಿರಿಗೆ ಅದರಲ್ಲಿ ಅಂಕವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆಮೇಲೆ ತಯಾರಿಸಿದ ಪ್ರಶ್ನಾವಳಿಯಲ್ಲಿ ಓರಗೆಯವರ ಹಿಂಸೆ, ಊರಿನ ಹಿಂಸೆ, ಗುಂಪು ಗಲಭೆಗಳು ಸೇರಿದವು. ಜಾತಿಯನ್ನು ನಾವೇ ಸೇರಿಸಿಕೊಳ್ಳಬೇಕು.

ಶಾಲೆಯ ಏಟಂತೂ ನಮಗೆ ಹಿಂಸೆಯಾಗಿ ಕಾಣುವುದೇ ಇಲ್ಲ. ‘ನಾವೂ ಬೆತ್ತದ ಏಟು ತಿಂದೇ ಮನುಷ್ಯರಾದದ್ದು’ ಎಂದು ಬಿಪಿ ಮಾತ್ರೆ ನುಂಗುತ್ತಾ ಹೇಳುವವರು ಪ್ರತಿ ಮನೆಯಲ್ಲೂ ಇದ್ದಾರೆ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ, 13 ರಾಜ್ಯಗಳ 12,447 ಮಕ್ಕಳನ್ನು ಕೇಳಿ ನಡೆಸಿದ ಅಧ್ಯಯನದಲ್ಲಿ ಮೂರರಲ್ಲಿ ಇಬ್ಬರು ದೈಹಿಕ ಹಿಂಸೆ ಅನುಭವಿಸಿದ್ದರು, ಅರ್ಧಕ್ಕಿಂತ ಹೆಚ್ಚು ಮಂದಿ ಯಾವುದೋ ಒಂದು ಬಗೆಯ ಲೈಂಗಿಕ ದೌರ್ಜನ್ಯ. ಕಾನೂನು ಸುಮ್ಮನಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ, 2012ರಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಬಂತು. ಕಾನೂನು ಏಟು ಬಿದ್ದಾದ ಮೇಲೆ ಬರುವಂಥದ್ದು, ಕಾರ್ಟಿಸಾಲ್ ಏಟು ಬೀಳುವಾಗಲೇ ಬರುತ್ತದೆ.

ಇಷ್ಟು ಓದಿ ಯಾರಾದರೂ ತಮ್ಮ ಅಂಕ ಎಣಿಸಿಕೊಂಡು ಹೆದರಿದ್ದರೆ, ಅದು ತಪ್ಪು ಓದು. ಮೇಲಿನ ಲೆಕ್ಕಗಳೆಲ್ಲ ಗುಂಪಿನವು. ಅಂಕ ನಾಲ್ಕಿದ್ದವರಲ್ಲಿ ಬಹುಪಾಲು ಮಂದಿಗೆ ಹೃದಯಕಾಯಿಲೆ ಬರಲೇ ಇಲ್ಲ. ಪಟ್ಟಿಗೆ ಒಂದು ದಿನದ ಅನುಭವವೂ ಒಂದೇ, ಹತ್ತು ವರ್ಷದ್ದೂ ಒಂದೇ. ಕ್ಯಾಲಿಫೋರ್ನಿಯ ರಾಜ್ಯ 2020ರಿಂದ ವೈದ್ಯರ ಬಳಿ ಬಂದವರ ಅಂಕ ಎಣಿಸುವ ಕಾರ್ಯಕ್ರಮ ಶುರುಮಾಡಿತು. ಅದೇ ವರ್ಷ ಸ್ವತಃ ಆಂಡಾ ಅವರೇ ಲೇಖನ ಬರೆದು, ಈ ಅಂಕ ಒಬ್ಬೊಬ್ಬರ ಭವಿಷ್ಯ ಹೇಳುವ ಸಾಧನವಲ್ಲ, ಹಾಗೆ ಬಳಸಬೇಡಿ ಎಂದರು. ನೆನಪಿನ ತೊಡಕೂ ಇದೆ. ಮಕ್ಕಳಾಗಿದ್ದಾಗ ದಾಖಲಾದದ್ದಕ್ಕೂ ದೊಡ್ಡವರಾಗಿ ನೆನೆದು ಹೇಳುವುದಕ್ಕೂ ಹೊಂದಾಣಿಕೆ ಕಡಿಮೆ ಎಂದು 2019ರ ಒಂದು ದೊಡ್ಡ ವಿಶ್ಲೇಷಣೆ ತೋರಿಸಿತು. ಜಾತಕದಲ್ಲಿ ಕುಜದೋಷ ಹುಡುಕುವ ಜನ ನಾವು, ನಮ್ಮ ಕೈಗೆ ಇಂಥ ಅಂಕಪಟ್ಟಿ ಸಿಕ್ಕರೆ ಹೆಣ್ಣು ನೋಡಲು ಹೋದಾಗ ಅದನ್ನೂ ಕೇಳಿಯೇವು.

ಹಣೆಬರಹವಲ್ಲ ಎನ್ನುವುದಕ್ಕೆ ಹಳೆಯ ಸಾಕ್ಷಿ ಹವಾಯಿಯ ಕವಾಯಿ ದ್ವೀಪದ್ದು. 1955ರಲ್ಲಿ ಅಲ್ಲಿ ಹುಟ್ಟಿದ ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಕುಡಿತ, ಜಗಳಗಳ ನಡುವೆ ಬೆಳೆದವರಲ್ಲೂ ಮೂರನೇ ಒಂದು ಭಾಗ ನೆಟ್ಟಗೆ ನಿಂತ ದೊಡ್ಡವರಾದರು. ಅವರಲ್ಲಿ ಸಾಮಾನ್ಯವಾಗಿದ್ದ ಒಂದು ಸಂಗತಿಯೆಂದರೆ ತಮ್ಮವರೆನ್ನಲು ಒಬ್ಬರಾದರೂ ಇದ್ದದ್ದು: ಅಜ್ಜಿ, ಅಕ್ಕ, ಮೇಷ್ಟ್ರು, ಪಕ್ಕದ ಮನೆಯವರು. ಹೊತ್ತು ಕೂಡ ಮುಖ್ಯ. ಸರ್ವಾಧಿಕಾರಿ ಚೌಷೆಸ್ಕು ಕಾಲದಿಂದ ತುಂಬಿಹೋಗಿದ್ದ ರೊಮೇನಿಯಾದ ಅನಾಥಾಲಯಗಳ 136 ಕೂಸುಗಳಲ್ಲಿ ಅರ್ಧವನ್ನು 2000ದ ನಂತರ ಸಾಕುಮನೆಗಳಿಗೆ ಕಳಿಸಿ ನೋಡಿದಾಗ, ಎರಡು ವರ್ಷ ತುಂಬುವ ಮೊದಲೇ ಹೋದವು ಹೆಚ್ಚು ಚೇತರಿಸಿಕೊಂಡವು. ದೊಡ್ಡವರಾದ ಮೇಲೂ ಬಾಗಿಲು ಮುಚ್ಚುವುದಿಲ್ಲ, ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆಗಳು ಕೆಲಸ ಮಾಡುತ್ತವೆ.

ನಮ್ಮಲ್ಲಿ ವ್ಯವಸ್ಥೆ ಶೂನ್ಯವೇನಲ್ಲ. ಮಕ್ಕಳ ಸಹಾಯವಾಣಿ 1098 ಇದೆ, ಮಾನಸಿಕ ಆರೋಗ್ಯಕ್ಕೆ ಟೆಲಿ ಮನಸ್‌ನ 14416 ಇದೆ, ಕಷ್ಟದಲ್ಲಿರುವ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ತರಬೇತಿ ಕೊಡಲು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂವಾದ ಎಂಬ ಕೇಂದ್ರವಿದೆ. ಹೊಡೆತ ತಿಂದ ಮಹಿಳೆಗೆ ಸಖಿ ಕೇಂದ್ರವಿದೆ, ಸಹಾಯವಾಣಿ 181 ಇದೆ. ಇಲ್ಲದಿರುವುದು ಇವುಗಳ ನಡುವಿನ ಕಾಲುದಾರಿ. ಹೆಂಗಸಿನ ಏಟು ಒಂದು ಫೈಲು, ಮಗುವಿನ ತೂಕ ಇನ್ನೊಂದು ಫೈಲು, ಗಂಡನ ಕುಡಿತ ಅಬಕಾರಿಯ ಆದಾಯ. ಅಮ್ಮನ ಮೇಲಿನ ಕೈಯನ್ನು ತಡೆಯುವುದೇ ಮಗುವಿನ ಹೃದಯಕ್ಕೆ ಹಾಕುವ ಮೊದಲ ಲಸಿಕೆ ಎಂದು ಆರೋಗ್ಯ ಇಲಾಖೆ ಒಪ್ಪಿದ ದಿನ ಈ ಫೈಲುಗಳು ಒಂದು ಮೇಜಿನ ಮೇಲೆ ಬಂದಾವು.

ಆ ಮೇಜು ಎಲ್ಲಿ ಎಂದು ಹುಡುಕಬೇಕಾಗಿಲ್ಲ, ಪ್ರತಿ ಊರಿನಲ್ಲೂ ಒಂದು ಅಂಗನವಾಡಿ ಇದೆ. ಟೀಚರು ತಿಂಗಳಿಗೊಮ್ಮೆ ಮಗುವನ್ನು ತಕ್ಕಡಿಯ ಮೇಲೆ ನಿಲ್ಲಿಸುತ್ತಾರೆ. ಗೆರೆ ಕೆಳಗಿಳಿದಿದ್ದರೆ ‘ಏನು ಊಟ ಕೊಡ್ತಿದ್ದೀಯಮ್ಮ?’ ಎಂದು ಕೇಳುತ್ತಾರೆ. ಮೊಟ್ಟೆ ತಿನ್ನಿಸಲು ಹೇಳುತ್ತಾರೆ. ರಾತ್ರಿ ಯಾರ ಮನೆಯಲ್ಲಿ ಗಲಾಟೆಯಾಯಿತು, ಯಾವ ಮಗು ಇವತ್ತು ಚಾಪೆ ಹಾಸಿದ ಕೂಡಲೇ ನಿದ್ದೆ ಹೋಗುತ್ತದೆ ಎಂಬುದು ಅವರಿಗೆ ಗೊತ್ತು. ಹಾಗೆಂದು ಅದನ್ನು ಸುಮ್ಮನೆ ಬರೆಸಿಕೊಂಡರೆ ಆ ತಾಯಿಗೇ ಅಪಾಯ. ಕೇಳುವವರ ಬೆನ್ನಿಗೆ ಕಳಿಸಲು ಒಂದು ಜಾಗ, ಕರೆದರೆ ಬರುವ ಒಬ್ಬ ಮನುಷ್ಯ ಇರಬೇಕು. ಸದ್ಯಕ್ಕೆ ಟೀಚರು ತೂಕವನ್ನು ಮೊಬೈಲಿಗೆ ಹಾಕಿ, ಎತ್ತರವನ್ನು ಹಾಕಿ, ಮುಂದಿನ ಮಗುವನ್ನು ಕರೆಯುತ್ತಾರೆ.